ತವರಿಗೆ ಹೋಗಿ ಬಂದದ್ದು

1961 ಅಕ್ಟೋಬರ್ 29, ಆದಿತ್ಯವಾರ, ಕುಂಬ್ರ

ಇವತ್ತು ಬೆಳಿಗ್ಗೆ ಗಂಜಿ ಉಂಡೆ, ಹೊಟ್ಟೆಯಲ್ಲಿ ಉಳಿಯಿತು. ಇಷ್ಟನ್ನು ಬರೆದಿಡಬೇಕು ಎನಿಸಿ ಈ ಪುಸ್ತಕ ತೆರೆದೆ. ಐವರ್ನಾಡಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ದಿನಚರಿ ಬರೆಯುವ ರೂಢಿ ಇತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಬಿಟ್ಟುಹೋಯಿತು.

ಎರಡು ತಿಂಗಳಿಂದ ಒಗ್ಗರಣೆಯ ವಾಸನೆ ಬಂದರೆ ಸಾಕು, ಹಿತ್ತಿಲಿಗೆ ಓಡುವುದೇ ಕೆಲಸವಾಗಿತ್ತು. ಇವತ್ತು ಮಧ್ಯಾಹ್ನ ಅತ್ತೆ ಒಣಮೀನು ಸುಟ್ಟು ಚಟ್ನಿ ಅರೆದರು. ನಾನು ಓಡಲಿಲ್ಲ. ಇನ್ನಷ್ಟು ಕೇಳಿ ಬಡಿಸಿಕೊಂಡೆ.

"ನಾಲ್ಕನೇ ತಿಂಗಳಿಗೆ ಬಿತ್ತಲ್ಲ. ಇನ್ನು ನೋಡು, ಹಸಿವು ನಿಲ್ಲುದೇ ಇಲ್ಲ ನಿಂಗೆ," ಎಂದರು ಅತ್ತೆ.

ಎದುರಿಗೆ ಇವರ ಮಗಳು ಪ್ರೇಮಾವತಿ ಉಣ್ಣುತ್ತಿದ್ದಳು. ಇವರ ಮೊದಲ ಹೆಂಡತಿಯ ಮಗಳು. ಏಳನೇ ಕ್ಲಾಸು. ಅಮ್ಮ ತೀರಿಹೋಗಿ ನಾಲ್ಕು ವರ್ಷವಾಯಿತಂತೆ, ನಾನು ಬಂದು ಒಂದೂವರೆ. ಹೇಳಿದ ಕೆಲಸ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಚಿಕ್ಕಮ್ಮ ಎಂದು ಕರೆಯುತ್ತಾಳೆ. ಅದಕ್ಕಿಂತ ಆಚೆ ಒಂದು ಮಾತಿಲ್ಲ. ಅತ್ತೆ ಹಾಗೆಂದಾಗ ತಲೆ ಎತ್ತಿ ನನ್ನ ಮುಖ ನೋಡಿದಳು. ಮತ್ತೆ ಬಟ್ಟಲು ಹಿಡಿದುಕೊಂಡು ಎದ್ದು ಹೋದಳು, ಅನ್ನ ಅರ್ಧ ಹಾಗೇ ಇತ್ತು.

ಅವಳಿಗೆ ಇದು ಇಷ್ಟವಿಲ್ಲ. ಇಷ್ಟಪಡು ಎಂದು ಹೇಳುವುದು ಹೇಗೆ?

ನವೆಂಬರ್ 8, ಬುಧವಾರ

ಹಬ್ಬ ಚೆನ್ನಾಗಿ ಕಳೆಯಿತು. ಇವರು ಅಂಗಡಿಯಿಂದ ನನಗೊಂದು ಹಸಿರು ಸೀರೆ ತಂದರು. ಜವುಳಿ ವ್ಯಾಪಾರಿಯ ಹೆಂಡತಿಗೆ ಹಬ್ಬದ ದಿನವೂ ಮಾರಾಟವಾಗದೆ ಉಳಿದದ್ದೇ ಸಿಗುವುದು ಎಂದು ತಮಾಷೆ ಮಾಡಿದೆ. "ಇಲ್ಲ ಮಾರಾಯ್ತಿ, ಇದನ್ನು ಗಿರಾಕಿಗಳಿಗೆ ತೋರಿಸ್ಲೇ ಇಲ್ಲ," ಎಂದು ಕಿವಿ ಕೆಂಪು ಮಾಡಿಕೊಂಡರು. ಇವರು ಹಾಗೆ ನಾಚುವುದನ್ನು ನೋಡಿದರೆ ನನಗೆ ಖುಷಿ.

ನಿನ್ನೆ ಎಣ್ಣೆಸ್ನಾನಕ್ಕೆ ನೀರು ಸೇದಲು ಬಾವಿಕಟ್ಟೆಗೆ ಹೋಗಿದ್ದೆ. ಹುಡುಗಿ ಹಿಂದಿನಿಂದ ಬಂದು ಕೈಯಿಂದ ಹಗ್ಗ ಕಿತ್ತುಕೊಂಡಳು. "ಕೊಡಿ" ಎಂದಷ್ಟೇ ಹೇಳಿದ್ದು. ಹಂಡೆ ತುಂಬುವ ತನಕ ತಾನೇ ಸೇದಿದಳು, ನನ್ನ ಕಡೆ ತಿರುಗಲಿಲ್ಲ. ಕೆಲಸವನ್ನೂ ಹೀಗೆ ಕಿತ್ತುಕೊಂಡು ಮಾಡಿದರೆ ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ.

ನವೆಂಬರ್ 21, ಮಂಗಳವಾರ

ಮನಸ್ಸು ಸರಿಯಿಲ್ಲ.

ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಮಗುವಿಗೆ ಹಳೆ ಬಟ್ಟೆ ಹರಿದಿಡೋಣ ಎಂದು ಅತ್ತೆ ಪೆಟ್ಟಿಗೆ ಇಳಿಸಿದರು. ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಸಬಾರದು. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ಅಂಗಡಿ ತುಂಬ ಥಾನುಗಟ್ಟಲೆ ಹೊಸ ಬಟ್ಟೆ ಇಟ್ಟುಕೊಂಡವರ ಮಗುವಿಗೆ ಚಿಂದಿ ಎಂದು ಇವರು ನಗುತ್ತಾ ಹೊರಟುಹೋದರು. ನಾವಿಬ್ಬರೂ ಚಾವಡಿಯಲ್ಲಿ ಕಾಲು ಚಾಚಿ ಕುಳಿತು ಇವರ ಹಳೆ ಪಂಚೆಗಳನ್ನು ಹರಿದೆವು. ಪರ್ರೆಂದು ಒಂದೇ ಎಳೆಗೆ ಹರಿಯುವ ಆ ಸದ್ದು ಕೇಳುವುದಕ್ಕೇ ಹಿತ. ಅಂಚು ಮಡಚಿ ನಾನು ಹೊಲಿಯುತ್ತಾ ಹೋದೆ.

ಪೆಟ್ಟಿಗೆಯ ತಳದಲ್ಲಿ ಒಂದು ನೀಲಿ ಸೀರೆ ಇತ್ತು. ಪೂರ್ತಿ ಸೀರೆಯಲ್ಲ, ಅರ್ಧ. ಮೊದಲಿನವರದು, ಕಮಲಾವತಿಯದು ಎಂದು ಅತ್ತೆ ಹೇಳದೆಯೇ ತಿಳಿಯಿತು. ಎಷ್ಟು ಮೆತ್ತಗಿತ್ತೆಂದರೆ ಕೆನ್ನೆಗೆ ಒತ್ತಿಕೊಂಡೆ. "ಇದೂ ಆಗ್ತದಾ ಅತ್ತೆ?" ಎಂದು ಕೇಳಿದೆ. ಅತ್ತೆ ಬಾಯಿ ತೆರೆಯುವ ಮೊದಲೇ ಶಾಲೆಯಿಂದ ಬಂದ ಹುಡುಗಿ ಬಾಗಿಲಲ್ಲಿ ನಿಂತದ್ದು ಕಂಡಿತು. ಓಡಿ ಬಂದವಳೇ ಸೀರೆಯನ್ನು ನನ್ನ ಕೈಯಿಂದ ಎಳೆದುಕೊಂಡಳು.

"ಇದು ಬೇಡ! ಇದನ್ನು ನಿಮ್ಮ ಮಗುವಿಗೆ ಹಾಕ್ಬಾರ್ದು!"

ಅತ್ತೆ ಬೈಯಲಿಲ್ಲ. ಪೆಟ್ಟಿಗೆ ಮುಚ್ಚಿದರು.

ಸತ್ತ ತಾಯಿಯ ಸೀರೆಯ ಮೇಲೆ ಅವಳಿಗೆ ಆಸೆ ಇರುವುದು ಸಹಜ. ಆದರೆ ನನ್ನ ಮಗು ಮುಟ್ಟಬಾರದಷ್ಟು ಹೊರಗಿನದೆ?

ನವೆಂಬರ್ 22, ಬುಧವಾರ

ಹೊಲಿಗೆ ಮುಟ್ಟಲಿಲ್ಲ. ಬಸಳೆ ಬೆಂದದ್ದು ಹೆಚ್ಚಾಯಿತು.

ಡಿಸೆಂಬರ್ 4, ಸೋಮವಾರ

ಮಗು ಅಲುಗಿತು.

ಮೊದಲು ಗಾಳಿ ಎಂದುಕೊಂಡೆ. ಒಲೆಯ ಮುಂದೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದೆ. ಒಳಗೆ ಸಣ್ಣ ಮೀನು ಬಾಲ ಆಡಿಸಿದ ಹಾಗೆ. ತುರಿಯುವುದನ್ನು ನಿಲ್ಲಿಸಿ ಕಾದೆ. ಮತ್ತೊಮ್ಮೆ! ಯಾರಿಗಾದರೂ ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ನಾನೊಬ್ಬಳೇ ನಗುತ್ತಾ ತುರಿದೆ, ಬೇಕಾದದ್ದಕ್ಕಿಂತ ಒಂದು ಕಡಿ ಹೆಚ್ಚೇ ತುರಿದೆ.

ಮಧ್ಯಾಹ್ನ ತವರು ಐವರ್ನಾಡಿನಿಂದ ಬೋಜಪ್ಪಣ್ಣ ಬಂದ. ಅಮ್ಮ ಚೀಲ ತುಂಬ ನೆಲ್ಲಿಕಾಯಿ ಕಳಿಸಿದ್ದಳು, ಅವಳೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನೂ. ಜನವರಿ ಕೊನೆಗೆ ಏಳು ತುಂಬುವ ಮೊದಲು ಬಂದು ಬಯಕೆಯ ಶಾಸ್ತ್ರ ಮಾಡಿ, ಹಾಗೇ ನನ್ನನ್ನು ತವರಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದಾರಂತೆ. ಅಮ್ಮನ ಅಡುಗೆಮನೆಯ ಮೂಲೆಯಲ್ಲಿ ಬಿಸಿನೀರು ಮಿಂದು ಮಲಗುವುದನ್ನು ನೆನೆದರೇ ಮೈ ಹಗುರವಾಯಿತು.

ಪ್ರೇಮ ಲಾಟೀನಿನ ಗಾಜು ಒರೆಸುತ್ತಾ ಕೇಳುತ್ತಿದ್ದಳು. "ಎಷ್ಟು ದಿನಕ್ಕೆ ಹೋಗುದು?" ಎಂದು ಅಣ್ಣನನ್ನೇ ಕೇಳಿದಳು.

"ಎಂತ ದಿನ ಮಗಳೇ! ಇನ್ನು ಏಪ್ರಿಲಿನ ಬಿಸು ಹಬ್ಬವೂ ಕಳೀಬೇಕು. ಮಗುವನ್ನು ಎತ್ತಿಕೊಂಡೇ ಬರುದು," ಎಂದು ಅಣ್ಣ ನಕ್ಕ.

ಗಾಜನ್ನು ಅರ್ಧ ಒರೆಸಿ ಅಲ್ಲೇ ಇಟ್ಟು ಹೋದಳು. ನಾನು ಹೋಗುವುದು ಅವಳಿಗೆ ಸಂತೋಷವೇ ಆಗಬೇಕಿತ್ತು. ಸಂತೋಷದ ಮುಖ ಹಾಗಿರುವುದಿಲ್ಲ.

ಡಿಸೆಂಬರ್ 9, ಶನಿವಾರ

ಮಲಗುವ ಹೊತ್ತು ಮೀರಿದೆ. ಆದರೂ ಬರೆಯುತ್ತೇನೆ.

ಶನಿವಾರ ಅರ್ಧ ದಿನ ಶಾಲೆ. ಊಟದ ಹೊತ್ತಿಗೆ ಬರಬೇಕಾದ ಪ್ರೇಮ ಬರಲಿಲ್ಲ. ಗೆಳತಿಯರ ಮನೆಗೆ ಹೋಗುವ ಹುಡುಗಿಯಲ್ಲ. ಬಿಸಿಲು ಇಳಿದರೂ ಸುದ್ದಿಯಿಲ್ಲ. ಅತ್ತೆ ನೆರೆಮನೆಗಳಿಗೆ ಹೋಗಿ ಕೇಳಿದರು. ಇವರು ಅಂಗಡಿ ಮುಚ್ಚಿ ಶಾಲೆಗೆ ಓಡಿದರು, ಅಲ್ಲಿಂದ ನೀರು ಹರಿಯುವ ತೋಡಿನ ಕಡೆಗೆ. ನಾನು ಅಂಗಳದಲ್ಲೇ ನಿಂತಿದ್ದೆ. ಯಾವತ್ತು ಎಂತ ಗಟ್ಟಿಯಾಗಿ ಅಂದೆನೋ ಎಂದು ನೆನಪು ಮಾಡಿಕೊಂಡೆ, ಏನೂ ಅಂದಿರಲಿಲ್ಲ. ಅದೇ ದೊಡ್ಡ ತಪ್ಪಾಗಿ ಕಂಡಿತು. ಒಂದೂವರೆ ವರ್ಷದಲ್ಲಿ ಬೈಯುವಷ್ಟೂ ಹತ್ತಿರ ಹೋಗಿರಲಿಲ್ಲ.

ಸಂಜೆಯ ಪುತ್ತೂರು ಬಸ್ಸು ನಮ್ಮ ಓಣಿಯ ಬಾಯಲ್ಲಿ ನಿಂತಿತು. ಕಂಡಕ್ಟರ್ ಅಬ್ದುಲ್ ರಹ್ಮಾನ್ ಅವಳ ಕೈಹಿಡಿದು ಇಳಿಸಿದರು. ಇವರ ಅಂಗಡಿಯ ಹಳೆ ಗಿರಾಕಿ, ನಮ್ಮನ್ನೆಲ್ಲ ಬಲ್ಲವರು.

"ಅಕ್ಕ, ನಿಮ್ಮ ಮಗಳು ಪುತ್ತೂರಿನ ದರ್ಬೆಯ ಹತ್ರ ಒಬ್ಳೇ ನಡ್ಕೊಂಡು ಬರ್ತಿದ್ದಳು. ಎಲ್ಲಿಂದ ಅಂತ ಕೇಳಿದ್ರೆ ಆಸ್ಪತ್ರೆಯಿಂದ ಅಂದಳು. ಬೈಬೇಡಿ, ಎಂತ ತಿಂದೂ ಇಲ್ಲ ಅವಳು," ಎಂದರು.

ಇವರು ಅಷ್ಟರಲ್ಲಿ ಬಂದರು. ಮಗಳನ್ನು ಕಂಡದ್ದೇ ಕೈ ಎತ್ತಿದರು. ನಾನು ಯಾವಾಗ ನಡುವೆ ಹೋದೆನೋ ಗೊತ್ತಿಲ್ಲ. ಇವರ ಕೈ ಹಾಗೇ ನಿಂತಿತು. ಹುಡುಗಿ ನನ್ನ ಬೆನ್ನ ಹಿಂದೆ ನನ್ನ ಸೆರಗನ್ನು ಮುಷ್ಟಿ ಕಟ್ಟಿ ಹಿಡಿದುಕೊಂಡಿದ್ದಳು.

"ಎಂತಕ್ಕೆ ಹೋದದ್ದು ನೀನು ಪುತ್ತೂರಿಗೆ?" ಎಂದು ಇವರು ಕೇಳಿದರು.

"ಡಾಕ್ಟರಮ್ಮನ ಹತ್ರ ಕೇಳ್ಲಿಕ್ಕೆ."

"ಎಂತ ಕೇಳ್ಲಿಕ್ಕೆ?"

"ಚಿಕ್ಕಮ್ಮನ ಹೆರಿಗೆ ಅಲ್ಲಿ ಮಾಡ್ಬಹುದಾ ಅಂತ." ಮತ್ತೆ ಯಾರಿಗೆಂದಿಲ್ಲದೆ ಹೇಳಿದಳು: "ತವರಿಗೆ ಹೋದ್ರೆ ವಾಪಸು ಬರುದಿಲ್ಲ."

ಕಂಡಕ್ಟರು ತಲೆ ತಗ್ಗಿಸಿ ಬಸ್ಸಿನ ಕಡೆ ಹೋದರು. ಇವರು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ಉಣಿಸಿದೆ. ಉಣಿಸಿದೆ ಎಂದರೆ ನಿಜವಾಗಿಯೂ ತುತ್ತು ಮಾಡಿ ಬಾಯಿಗಿಟ್ಟೆ. ದೊಡ್ಡ ಹುಡುಗಿ, ಆದರೂ ಬೇಡ ಎನ್ನಲಿಲ್ಲ.

ಡಿಸೆಂಬರ್ 10, ಆದಿತ್ಯವಾರ

ಅಕ್ಕಿ ಆರಿಸುತ್ತಾ ಅತ್ತೆ ತಾವಾಗಿಯೇ ಹೇಳಿದರು. ಇಷ್ಟು ದಿನ ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಮಲಾವತಿಯ ತವರು ನೆಟ್ಟಣದ ಆಚೆ, ಕಾಡಿನ ಒಳಗೆ. ಎರಡನೆಯ ಬಾಣಂತನಕ್ಕೆ ಅವರಮ್ಮನೇ ಬಂದು ಕರೆದುಕೊಂಡು ಹೋದರು. ಆಗ ಪ್ರೇಮ ಎಂಟು ವರ್ಷದವಳು. ಅಮ್ಮ ತಮ್ಮನನ್ನು ಕರೆದುಕೊಂಡು ಬರುತ್ತಾಳೆ ಎಂದು ಅತ್ತೆಯೇ ಸಮಾಧಾನ ಮಾಡಿ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟರಂತೆ. ಆಷಾಢದಲ್ಲಿ ಹೆರಿಗೆ ಕಷ್ಟವಾಯಿತು. ಹೊಳೆ ತುಂಬಿ ಹರಿಯುತ್ತಿತ್ತು, ದಾಟಿಸಿ ಡಾಕ್ಟರ ಹತ್ತಿರ ತರಲಿಕ್ಕೆ ಆಗಲಿಲ್ಲ. ತಾಯಿ ಮಗು ಇಬ್ಬರೂ ಉಳಿಯಲಿಲ್ಲ.

"ಈ ಹುಡುಗಿಗೆ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ ಮಗಾ. ನಾಳೆ ಹೇಳುವಾ, ನಾಳೆ ಹೇಳುವಾ ಅಂತ... ಇದು ದಿನಾ ಶಾಲೆ ಬಿಟ್ಟು ಬಸ್ಸಿನ ಹತ್ರ ಹೋಗಿ ನಿಲ್ತಿತ್ತು. ಕಡೆಗೆ ಯಾರೋ ಮಕ್ಕಳೇ ಹೇಳಿದ್ದು. ಆ ನೀಲಿ ಸೀರೆ ಉಂಟಲ್ಲ, ಅದರ ಇನ್ನರ್ಧವನ್ನು ಆ ಮಗುವಿಗೆ ಅಂತ ಹರಿದದ್ದು."

ಅತ್ತೆಯ ಮೊರದಲ್ಲಿದ್ದ ಅಕ್ಕಿ ಆಚೀಚೆಯಾಗಲೇ ಇಲ್ಲ. ನಾನು ಮೊರವನ್ನು ಅವರ ಕೈಯಿಂದ ತೆಗೆದುಕೊಂಡೆ.

ಸೀರೆ ಬೇಡವೆಂದು ಕಿರುಚಿದ್ದು ನನ್ನ ಮಗುವಿಗೆ ಆ ಕೇಡು ತಟ್ಟದಿರಲಿ ಎಂದು. ಬಾವಿಯ ಹಗ್ಗ ಕಿತ್ತುಕೊಂಡದ್ದೂ ಅದಕ್ಕೇ ಇರಬೇಕು. ನಾನು ಟೀಚರಾಗಿದ್ದವಳು, ಮಕ್ಕಳ ಮನಸ್ಸು ಗೊತ್ತಾಗುತ್ತದೆ ಎಂದು ತಿಳಿದುಕೊಂಡವಳು.

ಡಿಸೆಂಬರ್ 13, ಬುಧವಾರ

ಇವತ್ತು ಪ್ರೇಮಳಿಗೆ ಶಾಲೆ ತಪ್ಪಿಸಿ ಪುತ್ತೂರಿಗೆ ಹೋದೆವು, ನಾವಿಬ್ಬರೇ. ಲೇಡಿ ಡಾಕ್ಟರು ಅವಳನ್ನು ಕಂಡ ಕೂಡಲೇ, "ಬಂದೆಯಾ? ಚಿಕ್ಕಮ್ಮನನ್ನೇ ಕರ್ಕೊಂಡು ಬಾ ಅಂದದ್ದಕ್ಕೆ ನಿಜವಾಗಿಯೂ ಕರ್ಕೊಂಡು ಬಂದೆಯಲ್ಲ!" ಎಂದು ನಕ್ಕರು. ನನ್ನನ್ನು ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ, ರಕ್ತ ಸ್ವಲ್ಪ ಕಡಿಮೆ, ಗುಳಿಗೆ ನುಂಗಬೇಕು, ಸೊಪ್ಪು ಮೀನು ತಿನ್ನಬೇಕು ಎಂದರು. ಹೆರಿಗೆಗೆ ಇಲ್ಲಿಗೇ ಬರುವುದು ಒಳ್ಳೆಯದು, ಕುಂಬ್ರದಿಂದ ಬಸ್ಸಿದೆ ಎಂದರು.

ಪ್ರೇಮ ಎಲ್ಲವನ್ನೂ ತುಟಿ ಕಚ್ಚಿ ಕೇಳಿದಳು. ಮತ್ತೆ ಕೇಳಿದಳು: "ಆಗ ಮಳೆ ಬಂದ್ರೆ?"

"ಆಗ ಬೇಸಗೆ ಕಣಮ್ಮಾ," ಎಂದರು ಡಾಕ್ಟರು. "ಬಂದರೂ ಕುಂಬ್ರಕ್ಕೂ ಪುತ್ತೂರಿಗೂ ನಡುವೆ ಹೊಳೆ ದಾಟ್ಲಿಕ್ಕೆ ಇಲ್ಲ."

ಹೊರಗೆ ಬಂದು ಹೋಟೆಲಿನಲ್ಲಿ ಬನ್ಸು ತಿಂದೆವು. ತನ್ನದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗಿಟ್ಟಳು. "ನೀನು ತಿನ್ನು. ರಕ್ತ ಕಡಿಮೆ ಉಂಟಂತೆ," ಎಂದಳು. ಬನ್ಸು ಬಹಳ ರುಚಿಯಾಗಿತ್ತು. ಮನೆಯಲ್ಲಿ ಮಾಡಿನೋಡಬೇಕು, ಬಾಳೆಹಣ್ಣು ಹೇಗೂ ಇದೆ.

ಡಿಸೆಂಬರ್ 20, ಬುಧವಾರ

ಗೋವೆ ನಮ್ಮದಾಯಿತಂತೆ. ಇವರು ಅಂಗಡಿಯ ಎದುರಿನ ರೇಡಿಯೋದಲ್ಲಿ ಕೇಳಿಕೊಂಡು ಬಂದರು, ಊರೆಲ್ಲ ಅದೇ ಮಾತು. ಹೊಟ್ಟೆಯೊಳಗಿನವರೂ ಸಂಜೆಯಿಂದ ಒಂದೇ ಸಮನೆ ಕವಾಯತು. ಪ್ರೇಮ ಕೈ ಇಟ್ಟು ನೋಡಿ, "ಒದೀತಾ ಉಂಟು, ಮಿಲಿಟ್ರಿಗೆ ಸೇರ್ಸುವಾ," ಎಂದಳು. ಅತ್ತೆ ನಕ್ಕು ಕಣ್ಣೊರೆಸಿಕೊಂಡರು.

ಹೆರಿಗೆ ಪುತ್ತೂರಿನಲ್ಲೇ ಎಂದು ಇವರಿಗೆ ಹೇಳಿದೆ. "ನಿನ್ನ ಅಮ್ಮನಿಗೆ ಯಾರು ಹೇಳುದು?" ಎಂದು ಕೇಳಿದರು. ನಾನೇ ಎಂದೆ. ಹೇಳುವಾಗ ಧೈರ್ಯವಿತ್ತು, ಈಗ ಸ್ವಲ್ಪ ಕಡಿಮೆಯಾಗಿದೆ.

1962 ಜನವರಿ 7, ಆದಿತ್ಯವಾರ

ಅಮ್ಮ ಬಂದಿದ್ದಳು, ಬಯಕೆಯ ದಿನ ನೋಡಲಿಕ್ಕೆ. ಫೆಬ್ರವರಿ ಮೊದಲ ವಾರ ಎಂಟು ಗ್ರಹಗಳು ಒಂದೇ ಮನೆಯಲ್ಲಿ ಕೂಡುತ್ತವಂತೆ, ಪ್ರಳಯವಾಗುತ್ತದೆ ಎಂದೆಲ್ಲ ಜನ ಹೆದರಿದ್ದಾರೆ. ಅದಕ್ಕೆ ಮೊದಲೇ ಮುಗಿಸಬೇಕೆಂದು ಅಮ್ಮ, ಅತ್ತೆ ಇಬ್ಬರೂ ಒಪ್ಪಿದರು. ಮುಂದಿನದಕ್ಕೆ ಒಪ್ಪಲಿಲ್ಲ.

"ಚೊಚ್ಚಲು ಬಾಣಂತನ ನನ್ನ ಮನೆಯಲ್ಲಿ ಅಲ್ಲದೆ ಆಸ್ಪತ್ರೆಯಲ್ಲಾ? ಊರವರು ಎಂತ ಹೇಳ್ತಾರೆ? ತಾಯಿ ಸತ್ತಿದ್ದಾಳಾ ಅಂತ ಕೇಳ್ಲಿಕ್ಕಿಲ್ಲವಾ?"

"ನೀನೇ ಇಲ್ಲಿಗೆ ಬಂದು ಇರು ಅಮ್ಮ. ಹೆರಿಗೆ ಆದ ಮೇಲೆ ನೀನೇ ಮೀಯಿಸು."

"ಹೆಣ್ಣುಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಬಂದು ಕೂರುದಾ ನಾನು?" ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮಂಚ ಹಾಕಿಸಿ ಇಟ್ಟಿದ್ದೇನೆ. ನಿನ್ನ ಅಪ್ಪ ಇದ್ದಿದ್ರೆ ನೀನು ಹೀಗೆ ಹೇಳ್ತಿದ್ಯಾ?"

ಅಪ್ಪ ಕೂಸಪ್ಪ ಗೌಡರು ಹೋದಂದಿನಿಂದ ಅಮ್ಮ ಇಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಮಂಚದ ಮೇಲೆ ಒಮ್ಮೆ ಮಲಗಬೇಕೆಂಬ ಆಸೆ ನನಗಿಲ್ಲವೆ? ಆದರೂ ಸೋಲಲಿಲ್ಲ. ಇಲ್ಲಿ ಒಂದು ಮಗುವಿಗೆ ಮಾತು ಕೊಟ್ಟಾಗಿದೆ ಎಂದೆ. ಅಮ್ಮನಿಗೆ ಅದು ಯಾವ ಮಗು ಎಂದು ತಕ್ಷಣ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಬಾಗಿಲ ಕಡೆ ನೋಡಿದಳು.

ಪ್ರೇಮ ಅಲ್ಲೇ ನಿಂತಿದ್ದಳು. ಬಹಳ ಹೊತ್ತು ಅಮ್ಮನ ಮುಖ ನೋಡಿದಳು. ಮತ್ತೆ ಹತ್ತಿರ ಬಂದು ಕುಳಿತು, "ಅಳ್ಬೇಡಿ ಅಜ್ಜಿ," ಎಂದಳು. "ಬಯಕೆ ಆದ ಮೇಲೆ ಚಿಕ್ಕಮ್ಮ ಬರ್ತಾಳೆ ನಿಮ್ಮ ಮನೆಗೆ. ಎರಡು ದಿನ ಕೂರ್ಲಿ. ನಾನೂ ಬರ್ತೇನೆ. ನಾನೇ ವಾಪಸು ಕರ್ಕೊಂಡು ಬರ್ತೇನೆ."

ನನಗೆ ಕೂಡ ಹೊಳೆಯದ ಮಾತು. ಅಮ್ಮ ಮೂಗು ಒರೆಸಿಕೊಂಡು, "ನೀನು ಕೋಳಿ ಸಾರು ತಿಂತೀಯಾ?" ಎಂದು ಕೇಳಿದಳು. ಅಲ್ಲಿಗೆ ಜಗಳ ಮುಗಿಯಿತು.

ಜನವರಿ 21, ಆದಿತ್ಯವಾರ, ಐವರ್ನಾಡು

ಬಯಕೆ ಮುಗಿಸಿ ಬಂದೆವು. ಹಸಿರು ಸೀರೆ, ಕೈ ತುಂಬ ಬಳೆ, ತಲೆ ತುಂಬ ಮಲ್ಲಿಗೆ. ಎಲೆಯ ಮೇಲೆ ಬಡಿಸಿದ್ದನ್ನೆಲ್ಲ ನೋಡಿಯೇ ಹೊಟ್ಟೆ ತುಂಬಿತು. ಹೋಳಿಗೆ ಮಾತ್ರ ಬಿಡಲಿಲ್ಲ.

ಹೊರಡುವಾಗ ಎಲ್ಲರೂ ಅಂಗಳಕ್ಕೆ ಬಂದರು, ಅತ್ತೆ ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಕಾಲಿಗೆ ಬಿದ್ದರೆ ಒದ್ದೆ ಕೈಯನ್ನೇ ತಲೆಯ ಮೇಲಿಟ್ಟರು, ಬಾಗಿಲ ತನಕ ಬರಲಾರೆ ಎಂದರು. ನಾನು ಒತ್ತಾಯ ಮಾಡಲಿಲ್ಲ.

ಬೆಳ್ಳಾರೆಯ ತನಕ ಬಸ್ಸು, ಅಲ್ಲಿಂದ ಬೋಜಪ್ಪಣ್ಣ ಹೇಳಿಟ್ಟಿದ್ದ ಜೀಪು. ಪ್ರೇಮ ದಾರಿಯುದ್ದಕ್ಕೂ ಸೇತುವೆ ಬಂದಾಗಲೆಲ್ಲ ತಲೆ ಹೊರಗೆ ಹಾಕಿ ನೀರು ಎಷ್ಟಿದೆ ಎಂದು ನೋಡುತ್ತಿದ್ದಳು. ಜನವರಿಯ ನೀರು, ಎಲ್ಲ ಕಡೆ ಮೊಣಕಾಲಿಗಿಂತ ಕೆಳಗೆ.

ಜನವರಿ 23, ಮಂಗಳವಾರ

ಅಮ್ಮನ ಮಂಚದಲ್ಲಿ ನಾನು, ಪಕ್ಕದಲ್ಲಿ ಮಗಳು. ಅಮ್ಮ ಇಬ್ಬರಿಗೂ ಎಣ್ಣೆ ಹಚ್ಚಿ ಮೀಯಿಸಿದಳು. ಇವಳ ಕೂದಲು ಬಾಚುತ್ತಾ, ಹೇನು ಉಂಟೆಂದು ನನ್ನನ್ನೇ ಬೈದಳು. ನಾನಿನ್ನು ಹದಿನೈದು ದಿನಕ್ಕೊಮ್ಮೆಯಾದರೂ ನೋಡಬೇಕು. ಮಾರ್ಚ್ ಕೊನೆಗೆ ಕುಂಬ್ರಕ್ಕೆ ಬಂದು ಇರುವುದಾಗಿ ಅಮ್ಮ ತಾನೇ ಹೇಳಿದಳು. ಹೆಣ್ಣುಮಗಳ ಮನೆಯ ಮಾತು ಎತ್ತಲಿಲ್ಲ.

ಜನವರಿ 24, ಬುಧವಾರ, ಕುಂಬ್ರ

ಬಂದೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮಗಳು, ಈಚೆಗೆ ನಾನು, ಮಡಿಲಲ್ಲಿ ಅಮ್ಮ ಕೊಟ್ಟ ಚೀಲಗಳು. ಬೆಳ್ಳಾರೆ ದಾಟಿದ ಮೇಲೆ ನಿದ್ದೆ ಹೋದವಳು ಕುಂಬ್ರ ಬರುವ ತನಕ ಏಳಲಿಲ್ಲ. ಹೋಗುವಾಗ ಇಣುಕಿ ನೋಡಿದ ಸೇತುವೆಗಳೆಲ್ಲ ಅವಳಿಗೆ ತಿಳಿಯದ ಹಾಗೆ ಹಿಂದೆ ಹೋದವು. ನನ್ನ ಭುಜ ಮರಗಟ್ಟಿತ್ತು, ಕದಲಿಸಲಿಕ್ಕೆ ಮನಸ್ಸು ಬರಲಿಲ್ಲ.

ಬಸ್ಸು ನಿಂತಾಗ ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಹೊರಗೆ ನೋಡಿದವಳು, "ಅಜ್ಜಿ!" ಎಂದಳು.

ಅತ್ತೆ ಪೇಟೆಗೆ ಬಂದದ್ದನ್ನು ನಾನು ಈವರೆಗೆ ನೋಡಿಲ್ಲ. ಮಗನ ಅಂಗಡಿಗೇ ಬಾರದವರು ಸುಡುವ ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ಬಸ್ಸು ನಿಲ್ಲುವ ಜಾಗದಲ್ಲಿ ನಿಂತಿದ್ದರು. ಕೊಡೆಯ ನೆರಳು ಅವರ ತಲೆಯ ಮೇಲೂ ಇರಲಿಲ್ಲ, ಎತ್ತಲೋ ವಾಲಿತ್ತು. ಮೊದಲು ಪ್ರೇಮ ಇಳಿದಳು, ಚೀಲಗಳನ್ನು ಇಳಿಸಿಕೊಂಡಳು, ಆಮೇಲೆ ಮೇಲೆ ಹತ್ತಿ ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು.

ಅತ್ತೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಮೊಮ್ಮಗಳನ್ನೂ ನೋಡಿದರು.

"ನೀವೆಂತಕ್ಕೆ ಈ ಬಿಸಿಲಲ್ಲಿ ಬಂದದ್ದು ಅತ್ತೆ?" ಎಂದು ಕೇಳಿದೆ.

"ಉಪ್ಪು ಮುಗಿದಿತ್ತು, ತಕೊಳ್ಳಿಕ್ಕೆ ಬಂದೆ," ಎಂದರು.

ಅವರ ಕೈಯಲ್ಲಿ ಉಪ್ಪಿನ ಪೊಟ್ಟಣ ಇರಲಿಲ್ಲ. ಮನೆಗೆ ಬಂದು ನೋಡಿದರೆ ಉಪ್ಪಿನ ಮರಿಗೆ ತುಂಬಿಯೇ ಇತ್ತು. ಮಗಳು ಮರಿಗೆಯನ್ನು ನೋಡಿ ನನ್ನನ್ನು ನೋಡಿದಳು, ಇಬ್ಬರಿಗೂ ನಗು ತಡೆಯಲಿಕ್ಕಾಗಲಿಲ್ಲ. ಎಂತ ನಗು ಅದು ಎಂದು ಅತ್ತೆ ಒಲೆಯ ಕಡೆಯಿಂದ ಗದರಿದರು. ನಾವು ಮತ್ತೂ ನಕ್ಕೆವು.